ನೆಲವೂ ಡೊಂಕಿರಬಹುದು!

‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.’ ಈ ಗಾದೆಯನ್ನು ಕೇಳದೆ ಬೆಳೆದ ಹೆಣ್ಣುಮಗಳು ನಮ್ಮ ನಾಡಿನಲ್ಲಿ ಇರಲಾರಳು. ದೋಸೆ ಕಾವಲಿಗೆ ಅಂಟಿಕೊಂಡರೆ ‘ಕಾವಲಿ ಸರಿಯಿಲ್ಲ’ ಅನ್ನುವಂತಿಲ್ಲ. ಹೊಲಿಗೆ ಮಿಷನ್ನು ಪದೇ ಪದೇ ನೂಲು ಕಡಿದರೆ ‘ಮಿಷನ್ ಕೆಟ್ಟಿದೆ’ ಅನ್ನುವಂತಿಲ್ಲ. ಯಾರಾದರೊಬ್ಬರು ಈ ಗಾದೆಯನ್ನೆತ್ತಿ ನಮ್ಮ ತಲೆಯ ಮೇಲೆ ಕುಟ್ಟಲು ಕಾದೇ ಇರುತ್ತಾರೆ. ಆದರೆ ಸೋದರಿಯರೇ, ನಿಮ್ಮನ್ನೊಂದು ಮಾತು ಕೇಳುತ್ತೇನೆ. ನೆಲ ನಿಜವಾಗಿಯೂ ಡೊಂಕಾಗಿದ್ದರೆ? ರಸಮಟ್ಟ ಇಟ್ಟು ನೋಡದೆ ಅದನ್ನು ತೀರ್ಮಾನಿಸುವುದು ಹೇಗೆ?

ಈ ಸಲ ನಾನು ಬರೆಯಹೊರಟಿರುವುದು ಅಡಿಗೆಯ ವಿಷಯವಲ್ಲ, ಕಸೂತಿಯದೂ ಅಲ್ಲ. ಹಳೆಯ ಕಾರಿನ ಪವರ್ ಸ್ಟೀರಿಂಗ್ ಪಂಪಿನ ವಿಷಯ. ‘ಅಯ್ಯೋ, ಅದು ಗಂಡಸರ ತಲೆನೋವು’ ಎಂದು ಪುಟ ಮಗುಚಬೇಡಿ. ಪಂಪು ಕೆಟ್ಟಾಗ ನೋಯುವುದು ತಲೆಯಲ್ಲ, ತೋಳು. ತೋಳು ನಮ್ಮದಾಗಿರುವಾಗ ವಿಷಯ ಅವರದು ಹೇಗಾದೀತು?

ನಮ್ಮ ಮನೆಯದು 2007ರ ಕಾರು. 15 ವರ್ಷ ತುಂಬಿದಾಗ ನೋಂದಣಿ ನವೀಕರಿಸಿ ಇನ್ನೈದು ವರ್ಷದ ಆಯುಸ್ಸನ್ನು ಬರೆಸಿಕೊಂಡು ಬಂದಿದೆ. ಇವರು ಕಣ್ಣಿನ ತೊಂದರೆಯಿಂದ ಗಾಡಿ ಓಡಿಸುವುದನ್ನು ಬಿಟ್ಟು ನಾಲ್ಕು ವರ್ಷವಾಯಿತು. ಅಂದಿನಿಂದ ಕೀಲಿಕೈ ನನ್ನ ಸೊಂಟದಲ್ಲಿ. ನಾವಿರುವುದು ಮೈಸೂರಿನಲ್ಲಿ. ನನ್ನ ತಾಯಿ ಇರುವುದು ನಂಜನಗೂಡಿನಲ್ಲಿ, ವಯಸ್ಸು 84. ದೂರ 25 ಕಿಲೋಮೀಟರಿನ ಆಸುಪಾಸು, ದೊಡ್ಡದೇನಲ್ಲ. ಆದರೆ ಅಮ್ಮನ ಔಷಧಿ, ಡಾಕ್ಟರು, ಬ್ಯಾಂಕು ಎಲ್ಲಕ್ಕೂ ವಾರಕ್ಕೆರಡು ಸಲವಾದರೂ ನಾನು ಹೋಗಲೇಬೇಕು. ಒಮ್ಮೊಮ್ಮೆ ರಾತ್ರಿ ಹನ್ನೊಂದಕ್ಕೆ ಫೋನು ಬಂದರೆ ಸೀರೆ ಬದಲಾಯಿಸುವಷ್ಟು ಹೊತ್ತೂ ಇರುವುದಿಲ್ಲ. ಹೀಗಾಗಿ ಈ ಕಾರು ನಮಗೆ ಶೋಕಿಯಲ್ಲ, ಕೈಕಾಲು ಇದ್ದ ಹಾಗೆ.

ಕಳೆದ ಮಳೆಗಾಲದ ಕೊನೆಯಲ್ಲಿ ಸ್ಟೀರಿಂಗ್ ಭಾರವಾಗತೊಡಗಿತು. ಒಮ್ಮೆಲೇ ಅಲ್ಲ, ಇಷ್ಟಿಷ್ಟೇ. ಬೆಳಿಗ್ಗೆ ಗೇಟಿನಿಂದ ಹಿಂದಕ್ಕೆ ತೆಗೆದು ರಸ್ತೆಗೆ ತಿರುಗಿಸುವಾಗ ಬೀಸುವ ಕಲ್ಲು ಎಳೆದ ಹಾಗೆ ಆಗುತ್ತಿತ್ತು. ದೇವರಾಜ ಮಾರ್ಕೆಟ್ಟಿನ ಬಳಿ ಗಾಡಿ ನಿಲ್ಲಿಸಿ ಇಳಿಯುವಷ್ಟರಲ್ಲಿ ಬಲ ಭುಜ ಸಿಡಿಯುತ್ತಿತ್ತು. ಈಗ ನೋಡಿ, ಮೂರು ವರ್ಷದ ಹಿಂದೆ ಅದೇ ಭುಜ ಬಿಗಿದುಕೊಂಡು ‘ಫ್ರೋಜನ್ ಶೋಲ್ಡರ್’ ಅನ್ನಿಸಿಕೊಂಡಿತ್ತು. ನಲವತ್ತರಿಂದ ಅರವತ್ತರ ನಡುವಿನ ಹೆಂಗಸರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಗೋಡೆಯ ಮೇಲೆ ಬೆರಳು ಹತ್ತಿಸಿ ಹತ್ತಿಸಿ ವ್ಯಾಯಾಮ ಮಾಡಿ ನಾನು ಅದನ್ನು ಗೆದ್ದಿದ್ದೆ. ಆದರೆ ಮನೆಯವರ ನೆನಪಿನಲ್ಲಿ ಕಾಯಿಲೆ ಉಳಿದಿತ್ತೇ ಹೊರತು ಗೆದ್ದದ್ದು ಉಳಿದಿರಲಿಲ್ಲ.

“ತೋಳು ಮತ್ತೆ ಶುರುವಾಯ್ತು ಅನ್ಸುತ್ತೆ. ಅರವತ್ತೊಂದಾಯ್ತಲ್ಲ, ಇನ್ನು ಸಾಕು ಬಿಡು” ಅಂದರು ಇವರು.

ಪುಣೆಯಿಂದ ಮಗ ಫೋನಿನಲ್ಲಿ, “ಅಮ್ಮಾ, ಆ ಹಳೇ ಗಾಡೀನ ಕೊಟ್ಟುಬಿಡು. ಬೇಕಾದಾಗ ಟ್ಯಾಕ್ಸಿ ಕರೆಸ್ಕೊಂಡ್ರಾಯ್ತು” ಅಂದ.

“ಸ್ಟೀರಿಂಗೇ ಭಾರ ಆಗಿದೆ ಕಣೋ” ಅಂದೆ. ಆಗ ಇವರು ಪೇಪರಿನಿಂದ ತಲೆಯೆತ್ತದೆ ಆ ಗಾದೆ ಹೇಳಿದರು!

ಸಿಟ್ಟು ಮಾಡಿ ಪ್ರಯೋಜನವಿಲ್ಲ. ಸಾರು ಉಪ್ಪಾಯಿತು ಎಂದರೆ ಉಪ್ಪಿನ ಡಬ್ಬಿಯನ್ನು ಬೈಯುತ್ತೇವೆಯೇ? ಒಂದು ಚಮಚ ಬಾಯಿಗೆ ಹಾಕಿ ನೋಡುತ್ತೇವೆ. ನಾನೂ ರುಚಿ ನೋಡಲು ಹೊರಟೆ.

ಮೊದಲನೆಯದು, ತೋಳು. ಐದು ಲೀಟರಿನ ಕುಕ್ಕರನ್ನು ತುಂಬಿಸಿ ಎತ್ತಿದೆ, ನೋವಿಲ್ಲ. ಅಟ್ಟದ ಮೇಲಿನ ಹಿತ್ತಾಳೆ ಕೊಳಗ ಇಳಿಸಿದೆ, ನೋವಿಲ್ಲ. ಪಕ್ಕದ ಮನೆಯ ಹುಡುಗಿಯ ಹೊಸ ಕಾರನ್ನು ಅವಳನ್ನೇ ಕೂರಿಸಿಕೊಂಡು ನಮ್ಮ ಓಣಿಯಲ್ಲಿ ಎರಡು ಸುತ್ತು ಹಾಕಿದೆ. ಸ್ಟೀರಿಂಗ್ ಒಂದೇ ಕೈಯಲ್ಲಿ ತಿರುಗಿತು.

ಎರಡನೆಯದು, ಟೈರಿನ ಗಾಳಿ. ಮುಂದಿನ ಟೈರುಗಳಲ್ಲಿ ಗಾಳಿ ಇಳಿದಿದ್ದರೂ ಸ್ಟೀರಿಂಗ್ ಭಾರವಾಗುತ್ತದೆ. ಪೆಟ್ರೋಲ್ ಬಂಕಿನಲ್ಲಿ ನೋಡಿಸಿದೆ, ಸರಿಯಾಗಿತ್ತು.

ಮೂರನೆಯ ಪರೀಕ್ಷೆಯನ್ನು ನೀವೂ ಮಾಡಿ ನೋಡಬಹುದು. ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್ಲಿನಲ್ಲಿ ಇಂಜಿನ್ ಚಾಲೂ ಮಾಡಿ ಸ್ಟೀರಿಂಗ್ ತಿರುಗಿಸಿದೆ. ಗಟ್ಟಿ. ಆಮೇಲೆ ಆಕ್ಸಿಲರೇಟರನ್ನು ಸ್ವಲ್ಪ ಒತ್ತಿ ಇಂಜಿನ್ನಿನ ವೇಗ ಏರಿಸಿ ತಿರುಗಿಸಿದೆ. ಹಗುರ! ಬಿಟ್ಟರೆ ಮತ್ತೆ ಗಟ್ಟಿ. ನೀವೇ ಹೇಳಿ, ಕೆಟ್ಟಿರುವುದು ತೋಳಾದರೆ ಕಾಲಿನಲ್ಲಿ ಆಕ್ಸಿಲರೇಟರ್ ಒತ್ತಿದ ಮಾತ್ರಕ್ಕೆ ವಾಸಿಯಾಗುತ್ತದೆಯೇ? ಜೊತೆಗೆ ತಿರುಗಿಸಿದಾಗಲೆಲ್ಲ ಬಾನೆಟ್ಟಿನೊಳಗಿಂದ ‘ಗುಂಯ್…’ ಎಂದು ಒಂದು ನರಳಾಟ ಬೇರೆ. ಕೈಬಿಟ್ಟರೆ ಸದ್ದು ಇಳಿಯುತ್ತಿತ್ತು.

ಈ ನರಳಾಟ ಏನೆಂದು ತಿಳಿಯಬೇಕಾದರೆ ಬಾನೆಟ್ ಎತ್ತಿ ನೋಡಬೇಕು. ಹಳೆಯ ಕಾರುಗಳಲ್ಲಿ ಇಂಜಿನ್ನಿನ ಮಗ್ಗುಲಿಗೆ ತೆಂಗಿನಕಾಯಿಯ ಗಾತ್ರದ ಒಂದು ಪಂಪು ಇರುತ್ತದೆ. ಇಂಜಿನ್ ಓಡುವಾಗ ರಬ್ಬರ್ ಬೆಲ್ಟೊಂದು ಅದನ್ನು ತಿರುಗಿಸುತ್ತದೆ. ಒಳಗಡೆ ಸೀಳುಗಳಿರುವ ಒಂದು ಗಾಲಿ, ಆ ಸೀಳುಗಳಲ್ಲಿ ಒಳಕ್ಕೂ ಹೊರಕ್ಕೂ ಜಾರುವ ಹತ್ತರಷ್ಟು ಉಕ್ಕಿನ ಪಟ್ಟಿಗಳು. ಗಾಲಿ ತಿರುಗಿದಂತೆ ಪಟ್ಟಿಗಳು ಹೊರಚಾಚಿ, ಸುತ್ತಲಿನ ಗೋಡೆಯನ್ನು ಸವರಿಕೊಂಡು, ಎಣ್ಣೆಯನ್ನು ಒಂದು ಕಡೆಯಿಂದ ಎಳೆದು ಇನ್ನೊಂದು ಕಡೆಗೆ ಒತ್ತುತ್ತವೆ. ಒತ್ತಿದ ಎಣ್ಣೆ ಗಟ್ಟಿ ಪೈಪಿನಲ್ಲಿ ಸಾಗಿ, ನಾವು ಸ್ಟೀರಿಂಗ್ ತಿರುಗಿಸಿದ ಕಡೆಗೇ ಚಕ್ರಗಳನ್ನು ತಳ್ಳಿ, ಒಂದು ಸಣ್ಣ ಡಬ್ಬಿಗೆ ಹಿಂದಿರುಗುತ್ತದೆ. ಇಡೀ ವ್ಯವಸ್ಥೆಯಲ್ಲಿ ಇರುವುದು ಸುಮಾರು ಒಂದು ಲೀಟರ್ ಎಣ್ಣೆ. ಆದರೆ ಅದರ ಒತ್ತಡ ಎಷ್ಟೆಂದುಕೊಂಡಿರಿ? ನಮ್ಮ ಕುಕ್ಕರಿನ ವೆಯ್ಟು ಸೀಟಿ ಹಾಕುವುದು ಸುಮಾರು ಒಂದು ಬಾರ್ ಒತ್ತಡಕ್ಕೆ. ಈ ಪಂಪು, ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ ಹಿಡಿದಾಗ, 70ರಿಂದ 100 ಬಾರ್‌ವರೆಗೆ ಏರಬಲ್ಲದು! ಅದಕ್ಕೇ ಅಲ್ಲಿಯೂ ಕುಕ್ಕರಿನಂತೆ ಒತ್ತಡ ಬಿಡುವ ವಾಲ್ವೊಂದು ಇದೆ. ಅದಕ್ಕೇ ಸ್ಟೀರಿಂಗನ್ನು ಕೊನೆಗೆ ತಿರುಗಿಸಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿದಿರಬಾರದು ಎನ್ನುತ್ತಾರೆ. ಹಿಡಿದರೆ ಎಣ್ಣೆ ಕಾಯುತ್ತದೆ, ಪಂಪು ಸವೆಯುತ್ತದೆ.

ಡಬ್ಬಿಯಲ್ಲಿ ಎಣ್ಣೆ ಕಡಿಮೆಯಾದರೆ ಪಂಪು ಎಣ್ಣೆಯ ಜೊತೆ ಗಾಳಿಯನ್ನೂ ಎಳೆಯುತ್ತದೆ. ಎಳನೀರು ತಳ ಕಂಡಾಗ ಸ್ಟ್ರಾ ಗೊರಗೊರ ಎನ್ನುವುದಿಲ್ಲವೇ, ಹಾಗೆ. ಗಾಳಿಯ ಗುಳ್ಳೆ ಒತ್ತಡಕ್ಕೆ ಸಿಕ್ಕಿ ಒಡೆಯುವಾಗ ಬರುವ ಸದ್ದೇ ಆ ನರಳಾಟ. ಎಣ್ಣೆಯೇ ಪಟ್ಟಿಗಳಿಗೆ ಜಾರುವಿಕೆ ಕೊಡುವುದರಿಂದ, ಅದು ನೊರೆಯಾದರೆ ಉಕ್ಕಿಗೆ ಉಕ್ಕು ತಿಕ್ಕಿ ಪಂಪು ತನ್ನನ್ನು ತಾನೇ ತಿಂದುಕೊಳ್ಳುತ್ತದೆ.

ನಾನು ಡಬ್ಬಿಯ ಮುಚ್ಚಳ ತೆಗೆದು ನೋಡಿದೆ. ಎಣ್ಣೆ ‘ಮಿನ್’ ಗೆರೆಗಿಂತ ಕೆಳಗಿತ್ತು. ಕಡೆದ ಮಜ್ಜಿಗೆಯ ಹಾಗೆ ಮೇಲೆ ನೊರೆ. ಬಣ್ಣವೋ, ಮೂರು ಹಬ್ಬಕ್ಕೆ ಕರಿದ ಬಾಣಲೆಯ ಎಣ್ಣೆ!

ಗ್ಯಾರೇಜಿಗೆ ಹೋದೆ. ಅಲ್ಲಿನ ಹುಡುಗನ ಮೊದಲ ಪ್ರಶ್ನೆ, “ಆಂಟಿ, ಅಂಕಲ್ ಬರ್ಲಿಲ್ವಾ?” ಇದನ್ನು ಕೇಳದೆ ಇರುವ ಗ್ಯಾರೇಜು ನಿಮಗೇನಾದರೂ ಸಿಕ್ಕಿದ್ದರೆ ದಯವಿಟ್ಟು ವಿಳಾಸ ಬರೆಯಿರಿ. ಒಳಗಿನಿಂದ ಯಜಮಾನರು ಬಂದು, ಸ್ಟೀರಿಂಗನ್ನು ಒಮ್ಮೆ ಅಲ್ಲಾಡಿಸಿ, “ಅಮ್ಮಾ, ಪಂಪು, ರ್‍ಯಾಕು ಎರಡೂ ಹೋಗಿದೆ. ಸೆಟ್ಟೇ ಹಾಕಿಸಿಬಿಡಿ” ಅಂದರು.

“ಬಾನೆಟ್ ತೆಗೀದೆ ಹೇಗೆ ಗೊತ್ತಾಯ್ತು?”

“ಅನುಭವ ಅಮ್ಮಾ, ಅನುಭವ.”

“ನಾಡಿ ಪಂಡಿತರೂ ಕೈ ಹಿಡಿದೇ ಹೇಳ್ತಾರೆ. ನೀವು ಬಾನೆಟ್ಟಾದರೂ ಎತ್ತಿ. ಎಣ್ಣೆ ಮಿನ್ ಗೆರೆಗಿಂತ ಕೆಳಗಿದೆ, ನೊರೆ ಬಂದಿದೆ. ಇಂಜಿನ್ ವೇಗ ಏರಿಸಿದ್ರೆ ಹಗುರ ಆಗುತ್ತೆ. ಟೈರಿನ ಗಾಳಿ ಸರಿಯಾಗಿದೆ. ಎಣ್ಣೆ ಎಲ್ಲಿ ಸೋರ್ತಿದೆ ಅಂತ ಮೊದಲು ನೋಡೋಣ” ಅಂದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಹುಡುಗನಿಗೆ, “ಟಾರ್ಚ್ ತಗೊಂಡ್ ಬಾರೋ” ಅಂದರು. ಅಲ್ಲಿಂದ ಮುಂದಕ್ಕೆ ನಮ್ಮಿಬ್ಬರ ಮಾತೇ ಬದಲಾಯಿತು.

ಬೆಲ್ಟು ನೋಡಿದರು, ಬಿರುಕಿಲ್ಲ, ಸಡಿಲವಿಲ್ಲ. ಬೆಲ್ಟು ಜಾರಿದರೆ ಬರುವ ಸದ್ದು ‘ಕಿರ್ರ್’ ಎಂದು ಚೂಪಾಗಿರುತ್ತದೆ, ಪಂಪಿನದು ಗುಂಯ್‌ಗುಡುವ ನರಳಾಟ. ರ್‍ಯಾಕಿನ ಎರಡು ತುದಿಯ ರಬ್ಬರ್ ಚೀಲಗಳನ್ನು ಹಿಚುಕಿ ನೋಡಿದರು, ಒಳಗೆ ಎಣ್ಣೆ ಇರಲಿಲ್ಲ. ಹಾಗಾದರೆ ರ್‍ಯಾಕು ಸೋರುತ್ತಿಲ್ಲ ಎಂದಾಯಿತು. ‘ಸೆಟ್ಟಿನಲ್ಲಿ’ ಅರ್ಧ ಅಲ್ಲೇ ಉಳಿಯಿತು ನೋಡಿ! ಕೊನೆಗೆ ಪಂಪಿನ ಗಾಲಿಯ ಹಿಂದೆ ಟಾರ್ಚು ಬಿಟ್ಟರೆ ಜಿಡ್ಡು, ಜಿಡ್ಡಿಗೆ ಮೆತ್ತಿದ ಧೂಳು. ಪಂಪಿನ ದಂಡಕ್ಕೆ ಸುತ್ತ ಹಾಕಿರುವ ಬಳೆಯಂಥ ರಬ್ಬರ್ ಸೀಲು ವಯಸ್ಸಾಗಿ ಗಡುಸಾಗಿತ್ತು. ವಯಸ್ಸಾಗಿದ್ದು ಅದಕ್ಕೆ!

ಇಂಥ ಹೊತ್ತಿನಲ್ಲಿ ದಾರಿಗಳು ನಾಲ್ಕು. ಎಣ್ಣೆ ತುಂಬಿಸುತ್ತಾ ಹೋಗುವುದು ಮೊದಲನೆಯದು. ಇದು ಊರು ಮುಟ್ಟುವ ಉಪಾಯವೇ ಹೊರತು ಮದ್ದಲ್ಲ. ಸೋರಿದ ಎಣ್ಣೆ ಬೆಲ್ಟಿಗೆ ತಾಗಿದರೆ ಬೆಲ್ಟು ಹಾಳು, ಕಾದ ಸೈಲೆನ್ಸರ್ ಪೈಪಿಗೆ ಬಿದ್ದರೆ ಬೆಂಕಿಯ ಭಯ. ಎರಡನೆಯದು, ಪಂಪು ಬಿಚ್ಚಿ ಸೀಲು ಬದಲಾಯಿಸುವುದು. ಒಳಗೆ ಗೀಚು ಬಿದ್ದಿರದಿದ್ದರೆ ಇದೇ ಉತ್ತಮ, ಖರ್ಚು ನೂರುಗಳ ಲೆಕ್ಕದಲ್ಲಿ ಮುಗಿಯುತ್ತದೆ. ಮೂರನೆಯದು ಗುಜರಿಯ ಪಂಪು. ಬೆಂಗಳೂರಿನ ಶಿವಾಜಿನಗರದ ಗುಜರಿ ಸಾಲಿನಲ್ಲಿ ಹಳೆಯ ಕಾರುಗಳ ಬಿಡಿಭಾಗಗಳು ಸಿಗುತ್ತವೆ. ಆದರೆ ಅದು ಎಷ್ಟು ನರಳಿ ಬಂದಿದೆಯೋ ಬಲ್ಲವರಾರು? ನಾಲ್ಕನೆಯದು ಹೊಸ ಪಂಪು. ಅದು ಸಾವಿರಗಳ ಲೆಕ್ಕ.

ನಾನು ಅವರಿಗೆ ಹೇಳಿದ್ದು ಇಷ್ಟೇ. “ಬಿಚ್ಚಿ ನನಗೆ ತೋರಿಸಿ. ಆಮೇಲೆ ತೀರ್ಮಾನ.” ಬಿಚ್ಚಿದರು. ಒಳಗೋಡೆಯನ್ನು ಬೆರಳಿನಿಂದ ಸವರಿದೆ. ನುಣುಪಾಗಿರಬೇಕಾದಲ್ಲಿ ತುರಿಯುವ ಮಣೆಯ ಹಾಗೆ ಒರಟು. ಬರೇ ಸೀಲು ಹಾಕಿದ್ದರೆ ಸೋರುವುದು ನಿಲ್ಲುತ್ತಿತ್ತು, ಬಲ ಬರುತ್ತಿರಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಿಂದ ಹೊಸ ಪಂಪು ತರಿಸಿದೆವು. ಬರಲು ಎಂಟು ದಿನ ಹಿಡಿಯಿತು.

ಇಲ್ಲಿ ಒಂದು ಮುಖ್ಯ ಮಾತು. ಹೊಸ ಪಂಪನ್ನು ಹಳೆಯ ಎಣ್ಣೆಗೆ ಕೂರಿಸಲು ಬಿಡಬೇಡಿ. ಸವೆದ ಪಂಪಿನ ಉಕ್ಕಿನ ಪುಡಿ ಆ ಎಣ್ಣೆಯಲ್ಲೆಲ್ಲ ತೇಲುತ್ತಿರುತ್ತದೆ. ಮೊಸರಿಗೆ ಹೊಸ ಹೆಪ್ಪು ಹಾಕುವಾಗ ಹುಳಿ ಪಾತ್ರೆಯನ್ನು ತೊಳೆಯದೆ ಹಾಕುತ್ತೇವೆಯೇ? ಹಳೆಯ ಎಣ್ಣೆಯನ್ನು ಪೂರ್ತಿ ಬಸಿಸಬೇಕು. ಡಬ್ಬಿಯ ತಳದಲ್ಲಿ ಜಾಲರಿ ಇದ್ದರೆ ಅದನ್ನೂ ತೊಳೆಸಬೇಕು. ಅನೇಕ ಸಲ ಪಂಪು ಚೆನ್ನಾಗಿದ್ದು ಈ ಜಾಲರಿ ಕಟ್ಟಿಕೊಂಡೇ ನರಳಾಟ ಬರುವುದುಂಟು. ಡಬ್ಬಿಯಿಂದ ಪಂಪಿಗೆ ಹೋಗುವ ರಬ್ಬರ್ ಪೈಪು ಬಿರುಕು ಬಿಟ್ಟಿದ್ದರೂ ಅಲ್ಲಿಂದ ಗಾಳಿ ನುಗ್ಗುತ್ತದೆ. ನಮ್ಮದು ಬಿಟ್ಟಿತ್ತು, ಬದಲಾಯಿಸಿದೆವು.

ಎಣ್ಣೆಯ ವಿಷಯದಲ್ಲಿ ಧಾರಾಳತನ ಬೇಡ. ಕೆಲವು ಕಾರುಗಳಿಗೆ ಗೇರಿನ ಕೆಂಪು ಎಣ್ಣೆ, ಕೆಲವಕ್ಕೆ ಸ್ಟೀರಿಂಗಿಗೆಂದೇ ಮಾಡಿದ ಎಣ್ಣೆ. ಡಬ್ಬಿಯ ಮುಚ್ಚಳದ ಮೇಲೋ ಕಾರಿನ ಜೊತೆ ಬಂದ ಪುಸ್ತಕದಲ್ಲೋ ಬರೆದಿರುತ್ತದೆ. ಅದನ್ನೇ ಹಾಕಿಸಿ. ಬ್ರೇಕ್ ಆಯಿಲನ್ನಂತೂ ಖಂಡಿತ ಹಾಕಬಾರದು, ಅದು ರಬ್ಬರ್ ಸೀಲುಗಳನ್ನೆಲ್ಲ ಊದಿಸಿ ಕೆಡಿಸುತ್ತದೆ. ಎಣ್ಣೆ ತುಂಬಿದ ಮೇಲೆ ಗಾಳಿ ಹೊರದಬ್ಬಬೇಕು. ಮುಂದಿನ ಚಕ್ರಗಳನ್ನು ಜಾಕಿನಿಂದ ಎತ್ತಿ ಭದ್ರಪಡಿಸಿ, ಇಂಜಿನ್ ಆರಿಸಿಯೇ ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ಹತ್ತಿಪ್ಪತ್ತು ಸಲ ನಿಧಾನ ತಿರುಗಿಸುತ್ತಾ, ಗುಳ್ಳೆ ನಿಲ್ಲುವ ತನಕ ಎಣ್ಣೆ ಸೇರಿಸುತ್ತಾ ಹೋಗಬೇಕು. ಆಮೇಲೆ ಇಂಜಿನ್ ಚಾಲೂ ಮಾಡಿ ಮತ್ತೊಮ್ಮೆ. ಹತ್ತು ನಿಮಿಷದ ಈ ಕೆಲಸವನ್ನು ಅವಸರದಲ್ಲಿ ಬಿಟ್ಟರೆ ಹೊಸ ಪಂಪೂ ಮೊದಲ ದಿನವೇ ಅಳಲು ಶುರುಮಾಡುತ್ತದೆ.

‘ಓಡುತ್ತಿರುವಾಗಲೇ ಪಂಪು ಕೈಕೊಟ್ಟರೆ ಗತಿಯೇನು?’ ಎಂದು ನಿಮ್ಮಲ್ಲಿ ಕೆಲವರಾದರೂ ಹೆದರಿರಬಹುದು. ಗಾಬರಿ ಬೇಡ. ಸ್ಟೀರಿಂಗಿಗೂ ಚಕ್ರಕ್ಕೂ ಇರುವ ಕಬ್ಬಿಣದ ಸಂಬಂಧ ಹಾಗೆಯೇ ಇರುತ್ತದೆ. ಹೋಗುವುದು ಎಣ್ಣೆಯ ಸಹಾಯ ಮಾತ್ರ. ಗಾಡಿ ಖಂಡಿತ ತಿರುಗುತ್ತದೆ, ಆದರೆ ಬಲ ಬೇಕು. ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ವೇಗ ಇಳಿಸುತ್ತಾ, ಎಡಕ್ಕೆ ಬನ್ನಿ. ಗಾಡಿ ಉರುಳುತ್ತಿರುವಾಗ ಇಂಜಿನ್ ಆರಿಸಬೇಡಿ, ಕೀಲಿ ತೆಗೆಯಲೇಬೇಡಿ. ಬ್ರೇಕಿನ ಸಹಾಯವೂ ಹೋಗುತ್ತದೆ, ಸ್ಟೀರಿಂಗ್ ಲಾಕೂ ಬೀಳಬಹುದು. ಇನ್ನೊಂದು, ಕೆಲವು ಕಾರುಗಳಲ್ಲಿ ಒಂದೇ ಬೆಲ್ಟು ಪಂಪನ್ನೂ, ಬ್ಯಾಟರಿ ಚಾರ್ಜ್ ಮಾಡುವ ಯಂತ್ರವನ್ನೂ, ನೀರಿನ ಪಂಪನ್ನೂ ತಿರುಗಿಸುತ್ತದೆ. ಸ್ಟೀರಿಂಗ್ ಗಟ್ಟಿಯಾದ ಕ್ಷಣವೇ ಬ್ಯಾಟರಿಯ ಕೆಂಪು ದೀಪವೂ ಹೊತ್ತಿದರೆ ಬೆಲ್ಟೇ ಹರಿದಿದೆ ಎಂದರ್ಥ. ಆಗ ಮುಂದೆ ಓಡಿಸಬೇಡಿ, ಇಂಜಿನ್ ಕಾದು ಹೋಗುತ್ತದೆ.

ಅಂದ ಹಾಗೆ, ಈ ಎಣ್ಣೆಯ ಉಪಕಾರ ನಮಗೆ ಸಿಕ್ಕಿದ್ದು ಬಹಳ ತಡವಾಗಿ. 1926ರಲ್ಲೇ ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ ಒಂದು ಪಿಯರ್ಸ್-ಆ್ಯರೋ ಕಾರಿಗೆ ಇದನ್ನು ಜೋಡಿಸಿ ತೋರಿಸಿದರು. ಮಾರಾಟದ ಕಾರಿಗೆ ಅದು ಬಂದದ್ದು 1951ರ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ನಮ್ಮಲ್ಲಿ 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ಕ್ಕೂ ಅದು ಇರಲಿಲ್ಲ. ಅಂಬಾಸಿಡರಿನ ಸ್ಟೀರಿಂಗ್ ಚಕ್ರ ಅಷ್ಟು ದೊಡ್ಡದಿದ್ದುದೇಕೆ ಗೊತ್ತೇ? ಬೀಸುವ ಕಲ್ಲಿನ ಗೂಟವನ್ನು ಅಂಚಿನಲ್ಲಿ ನೆಟ್ಟಿರುವುದೇಕೋ ಅದಕ್ಕೇ, ಕೈಗೆ ಬಲ ಸಿಗಲಿ ಎಂದು. 1988ರಲ್ಲಿ ಜಪಾನಿನ ಸುಜುಕಿ ಸರ್ವೋ ಕಾರಿನಲ್ಲಿ ಎಣ್ಣೆಯ ಬದಲು ವಿದ್ಯುತ್ ಮೋಟಾರು ಬಂತು. ಈಗಿನ ಹೊಸ ಸಣ್ಣ ಕಾರುಗಳಲ್ಲಿ ಇರುವುದು ಅದೇ. ಹಾಗಾಗಿ ಪಂಪಿನ ಕಷ್ಟಸುಖ ಇನ್ನು ಹಳೆಯ ಕಾರು ಇಟ್ಟುಕೊಂಡ ನಮ್ಮಂಥವರದು.

ನಿಮ್ಮ ಅನುಕೂಲಕ್ಕೆ ಕ್ರಮವಾಗಿ ಹೇಳುತ್ತೇನೆ, ಅಡಿಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಳ್ಳಿ. ಸ್ಟೀರಿಂಗ್ ಭಾರವಾದರೆ ಮೊದಲು ಟೈರಿನ ಗಾಳಿ. ಆಮೇಲೆ ಡಬ್ಬಿಯ ಎಣ್ಣೆ: ಮಟ್ಟ, ಬಣ್ಣ, ನೊರೆ. ಆಮೇಲೆ ಸೋರಿಕೆ. ಆಮೇಲೆ ಬೆಲ್ಟು. ಆಮೇಲೆ ಪೈಪು ಮತ್ತು ಜಾಲರಿ. ಇವೆಲ್ಲ ಸರಿಯಿದ್ದರೆ ಪಂಪು. ಎಲ್ಲಕ್ಕೂ ಕೊನೆಗೆ ರ್‍ಯಾಕು. ಅಗ್ಗದ್ದರಿಂದ ದುಬಾರಿಗೆ ಹೋಗಬೇಕೇ ಹೊರತು ದುಬಾರಿಯಿಂದ ಅಗ್ಗಕ್ಕಲ್ಲ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಮನೆಗೆ ತನ್ನಿ. ಮತ್ತು ತಿಂಗಳಿಗೊಮ್ಮೆ, ಗ್ಯಾಸ್ ಬುಕ್ ಮಾಡುವ ದಿನವೇ ಇರಲಿ, ಡಬ್ಬಿಯ ಮಟ್ಟ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಸೋರುವ ಸೀಲು ಮೊದಲ ತಿಂಗಳೇ ಕಣ್ಣಿಗೆ ಬಿದ್ದರೆ ಪಂಪು ಉಳಿಯುತ್ತದೆ.

ಕಾರು ಮನೆಗೆ ಬಂದ ಸಂಜೆ ಇವರು ಹೊರಗೆ ಬಂದು, ಚಾಲಕನ ಸೀಟಿನಲ್ಲಿ ಕೂತು, ಸ್ಟೀರಿಂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿದರು. “ಹೂಂ” ಅಂದರು. ಮೂವತ್ತೈದು ವರ್ಷ ಸಂಸಾರ ಮಾಡಿದವಳಿಗೆ ಆ ‘ಹೂಂ’ ಸಾಕು. ಮಾರನೆಯ ದಿನ ಅಮ್ಮನನ್ನು ನಂಜನಗೂಡಿನಿಂದ ಕರೆತಂದು ಡಾಕ್ಟರಿಗೆ ತೋರಿಸಿ, ಕತ್ತಲಾಗುವ ಮೊದಲು ಮತ್ತೆ ಬಿಟ್ಟು ಬಂದೆ. ಭುಜ ತನ್ನ ಪಾಡಿಗೆ ತಾನಿತ್ತು.

ಮುಂದೊಂದು ದಿನ ನನ್ನ ತೋಳೂ ಸೋಲುತ್ತದೆ, ಕಣ್ಣೂ ಮಂಕಾಗುತ್ತದೆ. ಅದು ಯಾರಿಗೂ ತಪ್ಪಿದ್ದಲ್ಲ. ಆ ದಿನ ಯಾರೂ ಹೇಳಬೇಕಾಗಿಲ್ಲ, ಕೀಲಿಕೈಯನ್ನು ನಾನೇ ಮೊಳೆಗೆ ನೇತುಹಾಕುತ್ತೇನೆ. ಆದರೆ ಆ ತೀರ್ಮಾನ ನನ್ನ ತೋಳಿನದಾಗಿರಬೇಕು. ಬಳೆಯಷ್ಟು ಗಾತ್ರದ ಒಂದು ರಬ್ಬರ್ ಸೀಲಿನದಾಗಿರಬಾರದು. ನೀವೇನಂತೀರಿ?